ಬೇಸಗೆಯ ರಜವೂ ಬೀದಿಯ ಸಮಾಚಾರವೂ

ದೇಶದ ಸಮಾಚಾರವನ್ನು ನಮಗೆ ಪತ್ರಿಕೆ ಹೇಳುತ್ತದೆ, ರೇಡಿಯೊ ಹೇಳುತ್ತದೆ. ರಾಜ್ಯದ ಸಮಾಚಾರಕ್ಕೂ ದಿನದಲ್ಲಿ ಇಂತಿಷ್ಟು ಹೊತ್ತೆಂದು ಗೊತ್ತಾಗಿದೆ. ಆದರೆ ನಾವು ಬಾಳುತ್ತಿರುವ ಬೀದಿಯ ಸಮಾಚಾರವನ್ನು ನಮಗೆ ಹೇಳುವವರು ಯಾರು? ಎದುರುಮನೆಯ ಅಜ್ಜಿಗೆ ರಾತ್ರಿಯೆಲ್ಲ ಜ್ವರ ಕಾಯುತ್ತಿತ್ತು ಎಂಬ ವಿಷಯ ಯಾವ ವಾರ್ತಾಪ್ರಸಾರದಲ್ಲಿಯೂ ಬರುವುದಿಲ್ಲ. ಮೂಲೆಮನೆಯವರು ಬೀಗ ಹಾಕಿಕೊಂಡು ಊರಿಗೆ ಹೋದರು, ಹಿಂದಿನ ಸಾಲಿನಲ್ಲಿ ಎರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲ, ಪಕ್ಕದ ಮನೆಗೆ ಮೊಮ್ಮಗ ಬಂದಿದ್ದಾನೆ, ಇವು ಯಾವ ಪತ್ರಿಕೆಯ ತಲೆಬರಹಕ್ಕೂ ಏರುವಂಥವಲ್ಲ. ಹಾಗೆಂದು ಇವು ಸಣ್ಣ ಸಮಾಚಾರಗಳೆ? ಯಾರಿಗೆ ಸಣ್ಣವು, ಯಾರಿಗೆ ದೊಡ್ಡವು ಎಂಬುದನ್ನು ಜ್ವರ ಬಂದ ಅಜ್ಜಿಯನ್ನು ಕೇಳಬೇಕು.

ಈ ಬೀದಿಯ ಸಮಾಚಾರಕ್ಕೂ ಒಂದು ಸುಗ್ಗಿಯ ಕಾಲ ಉಂಟು. ಅದು ಬೇಸಗೆಯ ರಜ. ಬೆಂಗಳೂರಿನ ದಕ್ಷಿಣಕ್ಕೆ ಒಂದಕ್ಕೊಂದು ಒತ್ತಿಕೊಂಡಿರುವ ಚಾಮರಾಜಪೇಟೆ, ಬಸವನಗುಡಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಮಾತನ್ನು ಹೇಳುತ್ತಿದ್ದೇನೆ. ನಿಮ್ಮದು ಮಲ್ಲೇಶ್ವರವಾಗಿರಬಹುದು, ಮೈಸೂರಿನ ಕೃಷ್ಣಮೂರ್ತಿಪುರವಾಗಿರಬಹುದು, ದಾವಣಗೆರೆಯದೋ ಧಾರವಾಡದ್ದೋ ಒಂದು ಓಣಿಯಾಗಿರಬಹುದು. ಹೆಸರು ಬದಲಾಯಿಸಿಕೊಂಡರೆ ಸಮಾಚಾರ ಅಷ್ಟೇನೂ ಬದಲಾಗುವುದಿಲ್ಲ.

ಏಪ್ರಿಲ್ ತಿಂಗಳ ಹತ್ತನೆಯ ತಾರೀಖು ನಮ್ಮ ಕಡೆಯ ಮಕ್ಕಳಿಗೆ ಪಂಚಾಂಗದಲ್ಲಿ ಇಲ್ಲದ ಹಬ್ಬ. ಪಾಸೋ ಫೇಲೋ ಎಂಬುದು ಅಂದು ಗೊತ್ತಾಗಬೇಕು. ಬೆಳಗ್ಗೆ ದೇವರಿಗೆ ಕೈಮುಗಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ ಹುಡುಗ ಹತ್ತು ಗಂಟೆಯ ಹೊತ್ತಿಗೆ ಓಡಿ ಬಂದನೆಂದರೆ ಪಾಸು; ನಡೆದು ಬಂದನೆಂದರೆ ಅಮ್ಮನಿಗೆ ಗಾಬರಿ. ಅಲ್ಲಿಂದ ಮುಂದೆ ಮೇ ತಿಂಗಳ ಕೊನೆಯ ವಾರದವರೆಗೆ, ಏಳು ವಾರಗಳಿಗೆ ಒಂದು ದಿನವೋ ಎರಡು ದಿನವೋ ಕಡಮೆ, ರಾಜ್ಯದ ಶಾಲೆಗಳ ಬಾಗಿಲು ಮುಚ್ಚಿರುತ್ತದೆ. ಶಾಲೆಯ ಬಾಗಿಲು ಮುಚ್ಚಿದ ಕೂಡಲೆ ಮನೆಯ ಬಾಗಿಲುಗಳು ತೆರೆಯುತ್ತವೆ. ಅಷ್ಟು ದಿನ ಪುಸ್ತಕದ ಹಿಂದೆ ಅಡಗಿದ್ದ ಮಕ್ಕಳು ಬೀದಿಗೆ ಬರುತ್ತಾರೆ. ಅವರ ಹಿಂದೆಯೇ ಸಮಾಚಾರವೂ ಬೀದಿಗೆ ಬರುತ್ತದೆ.

ಆ ಸಮಾಚಾರ ಎಂಥದು ನೋಡಿ. ಹೊಂಗೆಯ ಮರದ ಕೆಳಗೆ ಹೂವು ಉದುರಿ ಅರಳು ಚೆಲ್ಲಿದಂತೆ ಆಗಿದೆ. ಗಾಂಧಿಬಜಾರಿಗೆ ರಾಮನಗರದ ಮಾವು ಬಂದಿದೆ, ಆದರೆ ರಸಪುರಿಗೆ ಇನ್ನೂ ಸಿಹಿ ಹತ್ತಿಲ್ಲ. ಶ್ರೀನಿವಾಸಪುರದ ಹಣ್ಣಿಗೆ ಇನ್ನೂ ಕಾಯಬೇಕು. ಮಲೆನಾಡಿನ ನೆಂಟರು ಅಪ್ಪೆಮಿಡಿ ಕಳುಹಿಸಿದ್ದಾರೆ, ಭರಣಿ ಸಾಲದು. ನಿನ್ನೆ ಸಂಜೆ ಮೋಡ ಕವಿಯಿತು, ಗುಡುಗಿತು, ಹಾಗೆಯೆ ಹೊರಟುಹೋಯಿತು. ಮೂರನೆಯ ಮನೆಯವರ ಮಹಡಿಯ ಮೇಲೆ ಇಂದು ಸಂಡಿಗೆ. ಇವುಗಳಲ್ಲಿ ಒಂದಾದರೂ ಅಚ್ಚಿಗೆ ಹೋಗುವಂಥದಲ್ಲ. ಆದರೂ ಇವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದು ಬೀದಿ ಬೀದಿಯಾಗುವುದಿಲ್ಲ; ಬರಿಯ ಮನೆಗಳ ಸಾಲಾಗುತ್ತದೆ.

ಈ ಬಡಾವಣೆಗಳು ಹುಟ್ಟಿದ ರೀತಿಯೂ ಇಂಥ ಬಾಳಿಗೆ ಒದಗಿಬಂದಿತ್ತು. ಚಾಮರಾಜಪೇಟೆಯನ್ನು 1892ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ರೂಪಿಸಿದರು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಆ ದಶಕದ್ದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಉಸಿರಾಡಲು ಗಾಳಿಯಿಲ್ಲದೆ ಬಾಳುತ್ತಿದ್ದ ಜನ ಈ ಹೊಸ ಬಡಾವಣೆಗಳ ಕಡೆಗೆ ಮುಖಮಾಡಿದರು. ನೇರವಾದ ರಸ್ತೆಗಳು, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಮನೆಗಳ ಹಿಂದೆ ನಿರ್ಮಲೀಕರಣಕ್ಕೆಂದು ಬಿಟ್ಟ ಕಿರಿದಾದ ಓಣಿ, ನಡೆದು ಹೋಗುವಷ್ಟು ದೂರದಲ್ಲಿ ಗುಡಿ, ಶಾಲೆ, ಸಂತೆ, ಉದ್ಯಾನ. ಮುಂದೆ ಜಗಲಿ, ಜಗಲಿಯ ಮೇಲೆ ಸಂಜೆ ಕೂರುವ ಹಿರಿಯರು. ರೋಗಕ್ಕೆ ಹೆದರಿ ಕಟ್ಟಿದ ಬಡಾವಣೆ ಸ್ನೇಹಕ್ಕೂ ಅನುಕೂಲವಾಯಿತು. ಗಾಳಿ ಓಡಾಡುವ ದಾರಿಯಲ್ಲಿಯೆ ಮಾತೂ ಓಡಾಡಿತು.

ಚೈತ್ರಮಾಸದಲ್ಲಿ ಆ ಮಾತಿಗೆ ಒಂದು ಚಪ್ಪರವೇ ಸಿಕ್ಕುತ್ತದೆ. ರಾಮನವಮಿ ಬಂದಿತೆಂದರೆ ಬೀದಿ ಬೀದಿಯಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿಯ ನೀರು. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ. ಮಜ್ಜಿಗೆಗೆ ಉಪ್ಪು, ಕರಿಬೇವು. ಬಿಸಿಲಿನಲ್ಲಿ ಬೆವರಿದ ದೇಹಕ್ಕೆ ನೀರೂ ಉಪ್ಪೂ ಬೇಕೆಂದು ಈಗ ವೈದ್ಯರು ಹೇಳುತ್ತಾರೆ. ನಮ್ಮವರು ಅದನ್ನು ದೇವರ ಹೆಸರಿನಲ್ಲಿ ಹಂಚಿದರು. ಹೆಸರು ಕೇಳದೆ, ದಾರಿಹೋಕರನ್ನೆಲ್ಲ ಕರೆದು ಹಂಚಿದರು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭವಾಯಿತು. ಬೀದಿಯ ಉತ್ಸವವಾಗಿ ಕಣ್ಣು ಬಿಟ್ಟ ಅದರ ಸಂಗೀತೋತ್ಸವ ಮುಂದೆ ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಹೆಸರಾಯಿತು. ದೇಶದ ದೊಡ್ಡ ದೊಡ್ಡ ವಿದ್ವಾಂಸರು ಅಲ್ಲಿ ಹಾಡಿದ್ದಾರೆ. ಸಂಗೀತ ಕೇಳಲು ಬಂದವರೆಲ್ಲ ಸಂಗೀತವನ್ನೇ ಕೇಳುತ್ತಿದ್ದರು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆಲಾಪನೆಗೂ ಕೀರ್ತನೆಗೂ ನಡುವೆ ಎಷ್ಟೋ ಜಾತಕಗಳು ಕೈ ಬದಲಾಯಿಸಿವೆ. ಎಷ್ಟೋ ಹುಡುಗರಿಗೆ ಕೆಲಸದ ಸುಳಿವು ಸಿಕ್ಕಿದೆ. ಎಷ್ಟೋ ಮಂದಿ ರೋಗಿಗಳ ಯೋಗಕ್ಷೇಮ ತಿಳಿದಿದೆ.

ಚೈತ್ರದ ಹುಣ್ಣಿಮೆಯ ರಾತ್ರಿ ಹಳೆಯ ಪೇಟೆಯಲ್ಲಿ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಟ ಹೂವಿನ ಕರಗ ಪೇಟೆಯ ಬೀದಿಗಳನ್ನು ಸುತ್ತುತ್ತದೆ; ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆ. ಬಡಾವಣೆಯ ಮಕ್ಕಳು ಅಂದು ನಿದ್ದೆಗೆಟ್ಟು ಕಾಯುತ್ತಾರೆ. ನೆರೆಹೊರೆ ಎಂಬ ಮಾತಿನ ಅರ್ಥವನ್ನು ಆ ಮೆರವಣಿಗೆಯ ದಾರಿ ಯಾವ ಭಾಷಣವೂ ಇಲ್ಲದೆ ತಿಳಿಸಿಕೊಡುತ್ತದೆ.

ಹಬ್ಬಗಳು ಮುಗಿದ ಮೇಲೆ ಮಹಡಿಯ ಕಾಲ. ಹಪ್ಪಳ, ಅರಳುಸಂಡಿಗೆ, ಶಾವಿಗೆ, ಬಾಳಕದ ಮೆಣಸಿನಕಾಯಿ. ಹಿಂದಿನ ರಾತ್ರಿ ಹಿಟ್ಟು ಕಾಯಿಸಿ, ಬೆಳಗಿನ ಜಾವ ಹಳೆಯ ಪಂಚೆ ಹಾಸಿ ಸಂಡಿಗೆ ಇಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕಾಗೆ ಕಾಯುವ ಉದ್ಯೋಗ ರಜದ ಮಕ್ಕಳದು. ಸಂಬಳ, ಅರ್ಧ ಒಣಗಿದ ಸಂಡಿಗೆ. ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ ಮಾತು ಹಾರುತ್ತದೆ. “ನಿಮ್ಮ ಅತ್ತೆಯವರ ಕಾಲುನೋವು ಹೇಗಿದೆಯಮ್ಮ?” ಎಂದು ಕೇಳಲು ಫೋನು ಬೇಕಾಗಿರಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮಕ್ಕಳು ಹಜಾರದೊಳಗೆ. ಚೌಕಾಬಾರ, ಅಳಿಗುಳಿಮಣೆ, ಪಗಡೆ. ಬಿಸಿಲು ಇಳಿದ ಮೇಲೆ ಬೀದಿಯಲ್ಲಿ ಲಗೋರಿ, ಗೋಲಿ, ಬುಗುರಿ, ಚಿನ್ನಿದಾಂಡು, ಮುಖ್ಯವಾಗಿ ಕ್ರಿಕೆಟ್ಟು. ಓದುವ ಹುಚ್ಚಿನವರಿಗೆ ಪುಸ್ತಕಾಲಯ. 1945ರಲ್ಲಿ ಈ ಬಡಾವಣೆಗಳಿಗೆ ಎರಡು ಭಾಗ್ಯ ಒಟ್ಟಿಗೆ ಬಂದವು. ಒಂದು, ವಾಡಿಯಾ ದಂಪತಿಗಳು ಕಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ಅಲ್ಲಿ ಮಕ್ಕಳಿಗಾಗಿಯೇ ಪುಸ್ತಕಗಳಿವೆ. ಇನ್ನೊಂದು, ಡಿ.ವಿ.ಜಿ.ಯವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಸ್ವಲ್ಪ ದೂರ ನಡೆಯಲು ಕಾಲು ಗಟ್ಟಿಯಾಗಿದ್ದರೆ ಲಾಲ್‌ಬಾಗು. 240 ಎಕರೆ ನೆರಳು, ಕುಳಿತುಕೊಳ್ಳಲು ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಬಂಡೆ.

ಹೀಗೆ ಅಲೆಯುವ ಮಕ್ಕಳು ತಮಗೆ ಗೊತ್ತಿಲ್ಲದೆಯೆ ಒಂದು ಕೆಲಸ ಮಾಡುತ್ತಿದ್ದರು. ಅವರು ಬೀದಿಯ ಅಂಚೆಯವರು. “ಹೋಗೋ, ಮೇಷ್ಟರ ಮನೆಗೆ ಈ ಕೋಸಂಬರಿ ಕೊಟ್ಟು ಬಾ.” “ಹೋಗೇ, ಅಜ್ಜಿಯನ್ನು ಕೇಳಿ ಹೆಪ್ಪಿಗೆ ಸ್ವಲ್ಪ ಮಜ್ಜಿಗೆ ತಾ.” ಹೋದ ಮಗು ಪಾತ್ರೆಯ ಜೊತೆಗೆ ಸುದ್ದಿಯನ್ನೂ ತರುತ್ತಿತ್ತು. “ಅಮ್ಮ, ಅಜ್ಜಿ ಇವತ್ತು ಎದ್ದೇ ಇಲ್ಲ, ಮಲಗಿಕೊಂಡಿದ್ದಾರೆ.” ಈ ಒಂದು ಮಾತಿಗೆ ಅಡುಗೆಮನೆಯ ಕೆಲಸ ನಿಲ್ಲುತ್ತಿತ್ತು, ಯಾರಾದರೂ ಸೆರಗಿಗೆ ಕೈ ಒರಸಿಕೊಂಡು ಎದುರುಮನೆಗೆ ನಡೆಯುತ್ತಿದ್ದರು. ನಾನು ಸಮಾಚಾರ ಎಂದು ಕರೆಯುವುದು ಇದನ್ನು. ಕೇಳಿದವರು ಎದ್ದು ಹೋಗುವಂತೆ ಮಾಡುವ ಮಾತು.

ಸಮಾಚಾರಕ್ಕೆ ಯಾವಾಗಲೂ ಮಾತೇ ಬೇಕೆಂದಿಲ್ಲ. ಬೆಳಗ್ಗೆ ಏಳು ಗಂಟೆಯಾದರೂ ಹೊಸ್ತಿಲ ಮುಂದೆ ರಂಗೋಲಿ ಬಿದ್ದಿಲ್ಲ. ಹಾಲಿನ ಪೊಟ್ಟಣ ಬಾಗಿಲಲ್ಲಿಯೆ ಇದೆ. ನಿನ್ನೆಯ ಪತ್ರಿಕೆಯ ಮೇಲೆ ಇಂದಿನ ಪತ್ರಿಕೆ ಬಿದ್ದಿದೆ. ತುಳಸಿಗೆ ನೀರು ಬಿದ್ದ ಗುರುತಿಲ್ಲ. ಬೀದಿಯಲ್ಲಿ ನಡೆದಾಡುವ ಕಣ್ಣಿಗೆ ಇವೆಲ್ಲ ದಪ್ಪ ಅಕ್ಷರದ ತಲೆಬರಹಗಳು. ನಡೆದಾಡದ ಕಣ್ಣಿಗೆ ಇವು ಏನೂ ಅಲ್ಲ.

ಇಲ್ಲಿ ನೀವು ಒಂದು ಆಕ್ಷೇಪ ತೆಗೆಯಬಹುದು. “ಹಳೆಯ ಬೀದಿಯ ಹೊಗಳಿಕೆ ಸಾಕು. ಆ ಸುದ್ದಿಯಲ್ಲಿ ಚಾಡಿ ಎಷ್ಟಿತ್ತು, ಕೊಂಕು ಎಷ್ಟಿತ್ತು ಎಂಬುದನ್ನೂ ಹೇಳಿ.” ಹೇಳಲೇಬೇಕು. ಯಾರ ಮನೆಯ ಹುಡುಗಿ ಯಾರೊಡನೆ ಮಾತನಾಡಿದಳು ಎಂಬ ಲೆಕ್ಕವನ್ನೂ ಅದೇ ಜಗಲಿ ಇಡುತ್ತಿತ್ತು. ಫೇಲಾದ ಹುಡುಗನ ಹೆಸರು ಅವನಿಗಿಂತ ಮುಂಚೆ ಬೀದಿಯ ತುದಿ ಮುಟ್ಟುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಆ ಜಗಲಿಯ ಮೇಲೆ ಎಲ್ಲರಿಗೂ ಎಡೆಯಿರಲಿಲ್ಲ. ಮನೆಗಳ ಹಿಂದಿನ ಓಣಿಯಲ್ಲಿ ಮುಂಜಾನೆ ಬಂದು ಮಲ ಹೊತ್ತುಕೊಂಡು ಹೋಗುತ್ತಿದ್ದವರ ಮಕ್ಕಳಿಗೆ ರಜ ಎಂಬುದು ಇತ್ತೆ, ಅವರ ಮನೆಯಲ್ಲಿ ಯಾರಿಗೆ ಜ್ವರ ಬಂದಿತ್ತು ಎಂದು ಮುಂದಿನ ಜಗಲಿ ಕೇಳಲಿಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿ ನಮ್ಮ ರಾಜ್ಯದಲ್ಲಿ ನಿಲ್ಲಬೇಕಾದರೆ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ ಅದನ್ನು ನಿಷೇಧಿಸಬೇಕಾಯಿತು. ಬೀದಿಯ ಸಮಾಚಾರವನ್ನು ಮತ್ತೆ ಕಟ್ಟುವುದಾದರೆ ಮುಂಬಾಗಿಲಿನ ಸಮಾಚಾರ ಮಾತ್ರ ಸಾಲದು, ಹಿಂಬಾಗಿಲಿನದೂ ಸೇರಬೇಕು. ಇಂದು ನಮ್ಮ ಬೀದಿ ಗುಡಿಸುವವರು, ಪಾತ್ರೆ ತೊಳೆಯಲು ಬರುವವರು, ಹೂವು ಮಾರುವವರು, ಮನೆ ಬಾಗಿಲಿಗೆ ಸಾಮಾನು ತಂದುಕೊಡುವ ಹುಡುಗರು ಇವರೂ ಈ ಬೀದಿಯವರೇ. ದಿನದ ಅತ್ಯಂತ ಬಿಸಿಯಾದ ಹೊತ್ತನ್ನು ಬೀದಿಯಲ್ಲಿ ಕಳೆಯುವವರು ಅವರೇ.

ಈಗಿನ ಸ್ಥಿತಿಯನ್ನು ನೋಡೋಣ. 1951ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 8 ಲಕ್ಷದ ಒಳಗೆ ಇತ್ತು. 2011ರ ಗಣತಿಯ ಹೊತ್ತಿಗೆ ಅದು 84 ಲಕ್ಷ ದಾಟಿತ್ತು. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಒಂದು ಮನೆಯಿದ್ದ ನಿವೇಶನದಲ್ಲಿ ಎಂಟು ಮನೆಗಳ ಕಟ್ಟಡ ಎದ್ದಿದೆ. ಜಗಲಿ ಇದ್ದ ಜಾಗದಲ್ಲಿ ಕಾರು. ಕಾರಿಗೆ ಜಾಗ ಸಾಲದೆ ಬೀದಿಯ ಎರಡು ಕಡೆಯೂ ಕಾರು. ಲಗೋರಿಯ ಚೆಂಡು ಗಾಜಿಗೆ ತಗಲೀತೆಂಬ ಭಯ. ಮಕ್ಕಳು ಬೇಸಗೆ ಶಿಬಿರಕ್ಕೆ ಹೋಗುತ್ತಾರೆ. ಚಿತ್ರ, ನಾಟಕ, ಈಜು ಎಲ್ಲವೂ ಒಳ್ಳೆಯದೆ. ಆದರೆ ಹಣ ಕೊಟ್ಟವರ ಮಕ್ಕಳಿಗೆ. ಉಳಿದವರು ಕೈಯಲ್ಲಿ ಫೋನು ಹಿಡಿದು ಒಳಗೆ ಕೂರುತ್ತಾರೆ. ಮಗ, ಸೊಸೆ ದೂರದೇಶದಲ್ಲಿ. ಮಹಡಿಯ ಮನೆಯಲ್ಲಿ ಇಬ್ಬರೇ ವೃದ್ಧರು, ಎಷ್ಟೋ ಕಡೆ ಒಬ್ಬರೇ.

ಇದರ ಜೊತೆಗೆ ಬಿಸಿಲೂ ಬೇರೆಯಾಗಿದೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಊರು, ಫ್ಯಾನು ಬೇಡದ ಊರು ಎಂದು ಹೆಮ್ಮೆ ಪಡುತ್ತಿದ್ದೆವು. 2016ರ ಏಪ್ರಿಲಿನಲ್ಲಿ ಇಲ್ಲಿಯ ಬಿಸಿಲು 39 ಡಿಗ್ರಿ ದಾಟಿತು. 2024ರ ಏಪ್ರಿಲಿನಲ್ಲಿ 38 ದಾಟಿತು. ಆ ತಿಂಗಳು ಬಹುಮಟ್ಟಿಗೆ ಮಳೆಯಿಲ್ಲದೆಯೆ ಕಳೆಯಿತು. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎನ್ನುತ್ತಾರೆ. ಆ ವರ್ಷ ಜನ ಬೆಳೆಗಿಂತ ಮುಂಚೆ ಬಕೆಟ್ಟನ್ನು ನೆನೆದರು. ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚಿಯಲ್ಲಿಯೆ ಸಾರಿತ್ತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಹೀಗೆ ಹೆಚ್ಚು ಹೆಚ್ಚು ದೂರದಿಂದ ನೀರು ತಂದುಕೊಂಡ ಊರು ಇದು. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲಕ್ಕೆ ಹತ್ತಿ ಬರಬೇಕು. ಅಷ್ಟು ದೂರದ ನದಿ ನಮಗೆ ಗೊತ್ತು; ಎರಡು ಮನೆಯಾಚೆ ನೀರಿಲ್ಲದೆ ಇರುವವರು ಗೊತ್ತಿಲ್ಲ.

ಬಿಸಿಲಿನ ಏಟು ಯಾರಿಗೆ ಹೆಚ್ಚು? ಮಕ್ಕಳಿಗೆ, ವೃದ್ಧರಿಗೆ, ಹೊರಗೆ ದುಡಿಯುವವರಿಗೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಕಡಮೆ. ದೇಹ ನೀರು ಬೇಡುತ್ತಿದ್ದರೂ ನಾಲಗೆ ಬೇಡುವುದಿಲ್ಲ. ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ದೇಹದ ನೀರನ್ನು ಇನ್ನೂ ಇಳಿಸುತ್ತವೆ. ತಲೆಸುತ್ತು, ವಾಕರಿಕೆ, ಮಾತಿನಲ್ಲಿ ಗೊಂದಲ, ಕಾದ ಮೈ ಇವು ಕಂಡರೆ ತಡಮಾಡದೆ ನೆರಳಿಗೆ ಕರೆದೊಯ್ದು, ಒದ್ದೆ ಬಟ್ಟೆಯಿಂದ ಮೈ ತಣ್ಣಗೆ ಮಾಡಿ, ವೈದ್ಯರನ್ನು ಕರೆಯಬೇಕು. ಇದನ್ನೆಲ್ಲ ಪತ್ರಿಕೆ ಹೇಳುತ್ತದೆ; ನಾವೂ ರೇಡಿಯೊದಲ್ಲಿ ಹೇಳುತ್ತೇವೆ. ಆದರೆ ಗೊಂದಲವಾದವರಿಗೆ ತಮಗೆ ಗೊಂದಲವಾಗಿದೆಯೆಂದು ತಿಳಿಯುವುದಿಲ್ಲ. ಅದನ್ನು ಕಾಣಲು ಇನ್ನೊಬ್ಬರ ಕಣ್ಣು ಬೇಕು. ಆ ಕಣ್ಣು ದಿನಕ್ಕೆ ಒಂದೆರಡು ಸಲವಾದರೂ ಬಾಗಿಲಿಗೆ ಬರಬೇಕು.

“ನಮ್ಮ ಬೀದಿಗೆ ವಾಟ್ಸಾಪ್ ಬಳಗ ಇದೆಯಲ್ಲ?” ಎನ್ನುತ್ತೀರಿ. ಇದೆ, ಇರಲಿ. ಕರೆಂಟು ಹೋದದ್ದು, ಟ್ಯಾಂಕರು ಬರುವ ಹೊತ್ತು ಎಲ್ಲವೂ ಅಲ್ಲಿ ಕ್ಷಣದಲ್ಲಿ ತಿಳಿಯುತ್ತದೆ. ಬೆಳಗಿನ ನಮಸ್ಕಾರಗಳಿಗಂತೂ ಬರವಿಲ್ಲ. ಆದರೆ ಅದು ಮಾತನಾಡುವವರ ಸಮಾಚಾರವನ್ನು ಹೇಳುತ್ತದೆ, ಮಾತನಾಡದವರದನ್ನು ಹೇಳುವುದಿಲ್ಲ. ಇನ್ನೂರು ಮಂದಿಯ ಬಳಗದಲ್ಲಿ ಒಬ್ಬರು ಎರಡು ದಿನ ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಬೀಳದ ರಂಗೋಲಿಯ ಚಿತ್ರವನ್ನು ಯಾರೂ ಕಳುಹಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಭೆ, ಸಮಿತಿ, ಅಧ್ಯಕ್ಷರು, ಹಾರ ಯಾವುದೂ ಬೇಡ. ನಾಲ್ಕು ಸಣ್ಣ ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಊರಿಗೆ ಹೊರಡುವವರು ಹೇಳಿ ಹೊರಡುವುದು. “ಹೋಗಿಬರುತ್ತೇವೆ” ಎಂಬುದು ನಮ್ಮ ಭಾಷೆಯ ಬಹು ಒಳ್ಳೆಯ ಮಾತು. ಎಲ್ಲಿಗೆ, ಎಷ್ಟು ದಿನ, ಯಾವ ನಂಬರಿಗೆ ಫೋನು ಮಾಡಬೇಕು ಎಂಬುದನ್ನು ಪಕ್ಕದ ಮನೆಗೆ ಬಾಯಲ್ಲಿಯೆ ಹೇಳಿ ಹೋಗಿ; ಜಗತ್ತಿಗೆಲ್ಲ ಫೋಟೊ ಹಾಕಿ ಸಾರಬೇಡಿ. ಪೊಲೀಸು ಠಾಣೆಗೆ ತಿಳಿಸಿದರೆ ಇನ್ನೂ ಒಳ್ಳೆಯದು. ಪತ್ರಿಕೆ, ಹಾಲು ನಿಲ್ಲಿಸಿ. ಹಾಗೆಯೆ, ಹೋಗುವ ನೀವು ಉಳಿಯುವವರ ಹೆಸರನ್ನೂ ಒಮ್ಮೆ ನೆನೆಯಿರಿ. ಬೀದಿಯ ಅರ್ಧ ಖಾಲಿಯಾದಾಗ ಉಳಿದ ಅರ್ಧದಲ್ಲಿ ಒಂಟಿಯಾಗಿರುವವರು ಯಾರು? ಅವರ ಹೊಣೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಡಿ.

ಎರಡನೆಯದು, ಮಕ್ಕಳಿಗೆ ಅವರ ಹಳೆಯ ಉದ್ಯೋಗವನ್ನು ಮರಳಿ ಕೊಡುವುದು. ಬೀದಿಯ ಇಬ್ಬರು ಮೂವರು ಮಕ್ಕಳು ಜೊತೆಗೂಡಿ, ಮನೆಯವರ ಒಪ್ಪಿಗೆಯಿಂದ, ಬೆಳಗ್ಗೆ ಬಿಸಿಲೇರುವ ಮುಂಚೆ ಒಮ್ಮೆ, ಸಂಜೆ ಒಮ್ಮೆ ಪರಿಚಯದ ನಾಲ್ಕು ಮನೆಗಳಿಗೆ ಹೋಗಿಬರಲಿ. ಒಂದು ಲೋಟ ಮಜ್ಜಿಗೆ ಕೊಡುವುದೋ, ಪುಸ್ತಕಾಲಯದ ಪುಸ್ತಕ ಬದಲಾಯಿಸಿ ತರುವುದೋ, ಫೋನಿನಲ್ಲಿ ಮೊಮ್ಮಗನ ಮುಖ ತೋರಿಸಿಕೊಡುವುದೋ ಏನಾದರೊಂದು ನೆವ ಇರಲಿ. “ಅಜ್ಜ, ನೀರು ಕುಡಿದಿರಾ?” ಎಂದು ಮಗು ಕೇಳಿದರೆ ಇಲ್ಲವೆನ್ನುವ ಅಜ್ಜ ಯಾರು? ಅವರು ಅದಕ್ಕೆ ಬದಲಾಗಿ ಚೌಕಾಬಾರವನ್ನೋ ಒಂದು ಕಥೆಯನ್ನೋ ಕಲಿಸಿಯಾರು. ಇದಕ್ಕಿಂತ ಅಗ್ಗದ ಬೇಸಗೆ ಶಿಬಿರ ನನಗೆ ಗೊತ್ತಿಲ್ಲ.

ಮೂರನೆಯದು, ಬಾಗಿಲು ತೆರೆಯುವುದು. ಬೆಂಗಳೂರಿನ ಉದ್ಯಾನಗಳಿಗೆ ನಡುಹಗಲಿನಲ್ಲಿ ಬೀಗ ಹಾಕುವ ಪದ್ಧತಿ ಬಹುಕಾಲ ಇತ್ತು. 2024ರಲ್ಲಿ ನಗರಪಾಲಿಕೆ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಆಜ್ಞೆ ಮಾಡಿತು. ಸುಡುವ ಹೊತ್ತಿನಲ್ಲಿಯೆ ನೆರಳಿಗೆ ಬೀಗ ಹಾಕುವುದು ಯಾವ ನ್ಯಾಯ? ಶಾಲೆಗಳ ಆಟದ ಬಯಲುಗಳಿಗೂ, ದೊಡ್ಡ ಕಟ್ಟಡಗಳ ಅಂಗಳಗಳಿಗೂ ಇದೇ ಮಾತು ಸಲ್ಲುತ್ತದೆ. ಏಳು ವಾರ ಬರಿದಾಗಿ ಬಿದ್ದಿರುವ ಬಯಲನ್ನು ಸಂಜೆ ಎರಡು ಗಂಟೆ, ಜವಾಬ್ದಾರಿ ಹೊರುವ ಇಬ್ಬರು ಹಿರಿಯರ ಕಣ್ಣಿನ ಕೆಳಗೆ, ಬೀದಿಯ ಎಲ್ಲ ಮಕ್ಕಳಿಗೂ ತೆರೆಯಬಹುದು. ಎಲ್ಲ ಮಕ್ಕಳು ಎಂದೆ. ಪಾತ್ರೆ ತೊಳೆಯಲು ಬಂದ ತಾಯಿಯ ಜೊತೆ ಬಂದು ಮೆಟ್ಟಿಲ ಮೇಲೆ ಕುಳಿತಿರುವ ಮಗುವೂ ಆ ಲೆಕ್ಕದಲ್ಲಿ ಸೇರಲಿ. ಲಗೋರಿಗೆ ಜನ ಹೆಚ್ಚಿದಷ್ಟೂ ಆಟ ಚೆನ್ನ.

ನಾಲ್ಕನೆಯದು, ಗೇಟಿನ ಹೊರಗೆ ಒಂದು ಮಡಕೆ ನೀರು, ಪಕ್ಕದಲ್ಲಿ ತೊಳೆದಿಟ್ಟ ಲೋಟ. ಅರವಟಿಗೆ ಎಂಬುದು ನಮ್ಮ ಊರುಗಳ ಹಳೆಯ ಧರ್ಮ. ರಾಮನವಮಿಯ ಒಂದು ದಿನದ ಪಾನಕ ಮೇ ತಿಂಗಳ ಕೊನೆಯವರೆಗೆ ಬರಿಯ ನೀರಾಗಿಯಾದರೂ ಮುಂದುವರಿಯಲಿ. ಅಂಚೆಯವರು, ಬೀದಿ ಗುಡಿಸುವವರು, ಸಾಮಾನು ತರುವ ಹುಡುಗರು ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ನಿಂತವರು ಮಾತನಾಡುತ್ತಾರೆ. ಬೀದಿಯ ಯಾವ ಬಾಗಿಲು ಇಂದು ತೆರೆದಿಲ್ಲ ಎಂಬುದು ನಮಗಿಂತ ಮುಂಚೆ ಅವರಿಗೆ ಗೊತ್ತಿರುತ್ತದೆ. ಕಾಂಪೌಂಡಿನ ಮೇಲೆ ಹಕ್ಕಿಗೂ ಒಂದು ಬಟ್ಟಲು ಇರಲಿ.

ರೇಡಿಯೊ ಕೂಡ ಹುಟ್ಟುವಾಗ ನೆರೆಹೊರೆಯದಾಗಿಯೆ ಹುಟ್ಟಿತು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದರು. ಬೆಂಗಳೂರಿನ ನಿಲಯ ಬಂದದ್ದು 1955ರಲ್ಲಿ. ಆ ದಿನಗಳಲ್ಲಿ ಬೀದಿಗೊಂದು ರೇಡಿಯೊ ಇದ್ದರೆ ಹೆಚ್ಚು. ಅನೇಕ ಊರುಗಳಲ್ಲಿ ಉದ್ಯಾನದಲ್ಲಿಯೆ ರೇಡಿಯೊ. ಹುಲ್ಲಿನ ಮೇಲೆ ಕುಳಿತು ಜನ ವಾರ್ತೆ ಕೇಳುತ್ತಿದ್ದರು. ವಾರ್ತೆ ಮುಗಿದ ಮೇಲೆ ಎದ್ದು ಹೋಗುತ್ತಿರಲಿಲ್ಲ. ದೇಶದ ಸಮಾಚಾರ ಮುಗಿದಲ್ಲಿ ಬೀದಿಯ ಸಮಾಚಾರ ಆರಂಭವಾಗುತ್ತಿತ್ತು. ದೂರದ ಧ್ವನಿ ಹತ್ತಿರದವರನ್ನು ಒಂದೆಡೆ ಕೂರಿಸಿತ್ತು.

ಮೇ ತಿಂಗಳು ಮುಗಿಯುತ್ತ ಬಂದಂತೆ ರೋಹಿಣಿಯ ಮಳೆ ಹತ್ತಿರವಾಗುತ್ತದೆ. ಊರಿಗೆ ಹೋದವರು ಹಲಸಿನ ಹಪ್ಪಳದ ಡಬ್ಬಿಯೊಡನೆ ಹಿಂದಿರುಗುತ್ತಾರೆ. ಮಕ್ಕಳ ಕಾಲು ಒಂದು ಅಳತೆ ಬೆಳೆದು ಹಳೆಯ ಬೂಟು ಹಿಡಿಯುವುದಿಲ್ಲ. ಶಾಲೆ ತೆರೆದ ಮೊದಲ ವಾರ ಮೇಷ್ಟರು “ರಜದಲ್ಲಿ ಏನು ಮಾಡಿದಿರಿ?” ಎಂದು ಪ್ರಬಂಧ ಬರೆಸುತ್ತಾರೆ. “ಎದುರುಮನೆಯ ತಾತನಿಗೆ ದಿನಾ ಮಜ್ಜಿಗೆ ಕೊಟ್ಟು ಬಂದೆ, ಒಂದು ದಿನ ಅವರು ಬಾಗಿಲು ತೆಗೆಯಲಿಲ್ಲ, ನಾನು ಅಮ್ಮನನ್ನು ಕರೆದೆ, ಈಗ ತಾತ ಚೆನ್ನಾಗಿದ್ದಾರೆ” ಎಂದು ಯಾವುದಾದರೂ ಮಗು ಬರೆಯುವಂತಾದರೆ ಆ ಬೀದಿಗೆ ಬೇರೆ ಪ್ರಶಸ್ತಿ ಬೇಡ.

ಈ ಮಾತು ಓದಿ ಮುಗಿಸಿದ ಮೇಲೆ ಒಂದು ಗಳಿಗೆ ಹೊರಗೆ ಬಂದು ನಿಮ್ಮ ಬೀದಿಯ ಬಾಗಿಲುಗಳ ಮೇಲೆ ಕಣ್ಣು ಹಾಯಿಸಿ. ಯಾವ ಬಾಗಿಲ ಹಿಂದೆ ಯಾರಿದ್ದಾರೆಂದು ನಿಮಗೆ ತಿಳಿಯದೋ, ಅದನ್ನು ನಾಳೆ ತಟ್ಟಿ. ಏನೆಂದು ಹೇಳಿ ತಟ್ಟಬೇಕೆಂಬ ಸಂಕೋಚವಾದರೆ, ಇದು ಮಾವಿನ ಹಣ್ಣಿನ ಕಾಲ; ಕೈಯಲ್ಲಿ ಎರಡು ಹಣ್ಣು ಹಿಡಿದುಕೊಂಡು ಹೋಗಿ.